ನಿಮ್ಮಮ್ಮನಿಗೆ ಹೇಳು

ಫೆಬ್ರವರಿ 4, ಮಂಗಳವಾರ

ಮೂರನೆಯ ಪ್ರಕಾಶಕರೂ ನನ್ನ ಆತ್ಮಕಥೆಯನ್ನು ವಾಪಸು ಮಾಡಿದರು. ಮಾಡಿದ್ದಲ್ಲದೆ ಫೋನಿನಲ್ಲಿ ಸಮಾಧಾನ ಬೇರೆ ಹೇಳಿದರು.

“ಬರವಣಿಗೆ ಚೆನ್ನಾಗಿದೆ ಮೇಡಂ. ಆದ್ರೆ ನೀವು ಯಾರು ಅಂತ ಓದುಗರಿಗೆ ಗೊತ್ತಿಲ್ವಲ್ಲ.”

“ಗೊತ್ತಿದ್ದಿದ್ರೆ ಪುಸ್ತಕ ಯಾಕೆ ಬರೀತಿದ್ದೆ ಸ್ವಾಮಿ?” ಎಂದೆ. ನಕ್ಕು ಫೋನಿಟ್ಟರು.

ನಾನು ಯಾರು ಅಂತೆ! ಈ ಊರಿನಲ್ಲಿ ನೆಟ್ಟಗೆ ಗಾಡಿ ಓಡಿಸುವ ಅರ್ಧ ಜನಕ್ಕೆ ಸ್ಟೇರಿಂಗು ಹಿಡಿಯಲು ಕಲಿಸಿದವಳು ನಾನು. ಉಳಿದ ಅರ್ಧ ಜನ ಹೇಗೆ ಓಡಿಸುತ್ತಾರೆ ಎನ್ನುವುದು ರಸ್ತೆಗೆ ಇಳಿದರೆ ಕಾಣುತ್ತದೆ. ಮೂವತ್ತು ವರ್ಷಕ್ಕೂ ಮೇಲೆ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ನನ್ನ ಕಾಲಡಿಗೂ ಒಂದು ಬ್ರೇಕು ಹಾಕಿಸಿಕೊಂಡು, ಕಂಬ, ಗೋಡೆ, ನಾಯಿ ಯಾವುದಕ್ಕೂ ತಾಗದಂತೆ ಅವರನ್ನು ಮನೆ ಮುಟ್ಟಿಸಿದ್ದೇನೆ. ಪುಸ್ತಕದ ಹೆಸರೂ ಅದೇ, ‘ಪಕ್ಕದ ಸೀಟು’. ಹೋದ ವರ್ಷ ಮಂಡಿ ಕೈಕೊಟ್ಟ ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡು ಇಳಿಸಿದೆ. ಆವತ್ತೇ ಬರೆಯಲು ಕೂತೆ. ಎರಡು ಬ್ರೇಕಿನ ಹಳೆ ಕಾರು ಇನ್ನೂ ಬಾಗಿಲ ಮುಂದೆ ನಿಂತಿದೆ, ನನ್ನ ಹಾಗೇ ಬೆಳಿಗ್ಗೆ ಎದ್ದೇಳಲು ಸ್ವಲ್ಪ ಕೆಮ್ಮುತ್ತದೆ.

ಇನ್ನು ಯಾರ ಬಾಗಿಲನ್ನೂ ತಟ್ಟುವುದಿಲ್ಲ. ನನ್ನ ಪುಸ್ತಕ ನಾನೇ ಅಚ್ಚು ಹಾಕಿಸುತ್ತೇನೆ. ಯಾರು ಬೇಡ ಅನ್ನುತ್ತಾರೋ ನೋಡೇಬಿಡುತ್ತೇನೆ.

ಫೆಬ್ರವರಿ 7, ಶುಕ್ರವಾರ

ಬಸ್ ನಿಲ್ದಾಣದ ಹಿಂದಿನ ಪ್ರೆಸ್ಸಿಗೆ ಹೋಗಿದ್ದೆ. ಪ್ರೆಸ್ಸಿನವನು ಹಳಬ. ಶಾಲೆಯಲ್ಲಿ ನಮ್ಮ ಮನೆಯವರ ಶಿಷ್ಯ, ಕಾರಿನಲ್ಲಿ ನನ್ನ ಶಿಷ್ಯ. ಲೈಸೆನ್ಸಿನ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ, ಮೂರನೆಯ ಸಲ ಪಾಸಾದಾಗ ನನ್ನ ಮುಂದೆಯೇ ಅತ್ತುಬಿಟ್ಟಿದ್ದ. ಅದನ್ನು ಆರನೆಯ ಅಧ್ಯಾಯದಲ್ಲಿ ಹಾಕಿದ್ದೇನೆ, ಓದಿದಾಗ ಗೊತ್ತಾಗುತ್ತದೆ ಅವನಿಗೆ.

“ಯಾರಾದ್ರೂ ದೊಡ್ಡವರ ಹತ್ರ ಒಂದು ಮುನ್ನುಡಿ ಬರೆಸಿ ಮೇಡಂ. ಪುಸ್ತಕಕ್ಕೆ ಒಂದು ತೂಕ ಬರುತ್ತೆ.”

“ನನ್ನ ಬದುಕಿಗೆ ಇನ್ನೊಬ್ಬರ ಶಿಫಾರಸು ಯಾಕಯ್ಯಾ? ತೂಕ ಬೇಕಾದ್ರೆ ದಪ್ಪ ಕಾಗದ ಹಾಕು.”

“ಪ್ರಕಾಶನದ ಹೆಸರು ಏನಂತ ಹಾಕ್ಲಿ? ಏನಾದ್ರೂ ಒಂದು ಇರಬೇಕು.”

“ಡಬಲ್ ಬ್ರೇಕ್ ಪ್ರಕಾಶನ.”

ಬರೆದುಕೊಂಡ. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, “ನಮ್ಮ ಮೇಷ್ಟ್ರು ಇದ್ದಿದ್ರೆ ಎಷ್ಟು ಹೆಮ್ಮೆಪಡ್ತಿದ್ರೋ” ಎಂದ. ನಾನು ಗೋಡೆಯ ಮೇಲಿದ್ದ ಹಳೆಯ ಆಮಂತ್ರಣ ಪತ್ರಗಳ ಮಾದರಿಗಳನ್ನು ನೋಡುತ್ತ ನಿಂತೆ. ಒಂಬತ್ತನೆಯ ಅಧ್ಯಾಯವನ್ನು ಅವನಿನ್ನೂ ಓದಿಲ್ಲ.

ಫೆಬ್ರವರಿ 16, ಭಾನುವಾರ

ಮಗಳಿಗೆ ಓದಲು ಒಂದು ಪ್ರತಿ ಕೊಟ್ಟಿದ್ದೆ. ಈವತ್ತು ಫೋನ್ ಮಾಡಿದಳು. ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅನ್ನಲೂ ಇಲ್ಲ.

“ಒಂಬತ್ತನೇ ಅಧ್ಯಾಯ ತೆಗೆದುಬಿಡು ಅಮ್ಮ.”

ಒಂಬತ್ತನೆಯ ಅಧ್ಯಾಯದ ಹೆಸರು ‘ನಿಮ್ಮಮ್ಮನಿಗೆ ಹೇಳು’. ಅದು ಮೇಷ್ಟ್ರ ಅಧ್ಯಾಯ, ಅಂದರೆ ನನ್ನ ಗಂಡನದು. ಊರಿಗೆಲ್ಲ ಬೇಕಾದ ಮನುಷ್ಯ. ಯಾರ ಮೇಲೂ ಕೈ ಎತ್ತಿದವರಲ್ಲ, ದನಿ ಎತ್ತಿದವರೂ ಅಲ್ಲ. ನನ್ನ ಪಾಲಿಗೆ ಆ ದನಿಯನ್ನೇ ನಿಲ್ಲಿಸಿಬಿಟ್ಟರು. ಮಗಳಿಗೆ ಆಗ ಆರು ವರ್ಷ. ಮನೆಗೆ ಬಂದ ಸ್ನೇಹಿತರ ಮುಂದೆ, “ಇವಳಿಗೆ ರಸ್ತೆ ದಾಟೋಕೂ ಬರಲ್ಲ” ಎಂದು ತಮಾಷೆ ಮಾಡಿದರು. “ಹೋದ ವಾರ ತಪ್ಪು ಬಸ್ಸು ಹತ್ತಿ ಪಕ್ಕದೂರಿಗೆ ಹೋಗಿದ್ದು ನೀವಲ್ವಾ?” ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕರು. ಮಾರನೆಯ ಬೆಳಿಗ್ಗೆಯಿಂದ ನನ್ನ ಜೊತೆ ಮಾತು ಬಿಟ್ಟರು.

ಮಗಳು ಕಾಲೇಜಿಗೆಂದು ಹಾಸ್ಟೆಲು ಸೇರುವ ತನಕ ಹಾಗೇ ನಡೆಯಿತು. ಅವರು ಮಹಡಿಯ ಕೋಣೆಯಲ್ಲಿ, ನಾನು ಕೆಳಗೆ ಅಡುಗೆಮನೆಯಲ್ಲಿ, ನಡುವೆ ಮೆಟ್ಟಿಲು. “ಗುಬ್ಬಿ, ನೆಂಟರು ಬರ್ತಾರೆ ಅಂತ ನಿಮ್ಮಮ್ಮನಿಗೆ ಹೇಳು.” “ಗುಬ್ಬಿ, ಅಂಗಿಯ ಗುಂಡಿ ಹೋಗಿದೆ ಅಂತ ನಿಮ್ಮಮ್ಮನಿಗೆ ಹೇಳು.” ಮಗು ಇಳಿದು ಬಂದು ನನಗೆ ಒಪ್ಪಿಸುವುದು, ನಾನು ಹೇಳಿದ್ದನ್ನು ಹೊತ್ತು ಮತ್ತೆ ಹತ್ತುವುದು. ಅವಳು ಹಾಸ್ಟೆಲಿಗೆ ಹೋದ ಮೇಲೆ ಮೇಷ್ಟ್ರು ಗೋಡೆಗೆ ಹೇಳತೊಡಗಿದರು. “ಕಾಫಿ ಸಿಕ್ಕಿದ್ರೆ ಚೆನ್ನಾಗಿತ್ತು” ಎಂದು ಗೋಡೆಯ ಕಡೆ ನೋಡಿ ಹೇಳಿದರೆ, ಗೋಡೆ ಕಾಫಿ ಮಾಡಿಕೊಡುತ್ತಿತ್ತು. ಕೊನೆಯ ತನಕ ಮಾಡಿಕೊಟ್ಟಿತು.

ಇಷ್ಟೇ ಆ ಅಧ್ಯಾಯ. ಒಂದು ಅಕ್ಷರ ಸುಳ್ಳಿಲ್ಲ.

“ಅಪ್ಪ ಹೋಗಿ ನಾಲ್ಕು ವರ್ಷ ಆಯ್ತು. ಈಗ ಉತ್ತರ ಕೊಡೋಕೆ ಅವರಿಲ್ಲ” ಎಂದಳು.

“ಇದ್ದಾಗ್ಲೂ ಕೊಡ್ತಿರಲಿಲ್ಲ.”

“ತಮಾಷೆ ಬೇಡ ಅಮ್ಮ. ಅದು ಅಚ್ಚಾದ್ರೆ ನಾನು ನಿನ್ನ ಮನೆಗೆ ಕಾಲಿಡಲ್ಲ.”

“ಇಡಬೇಡ. ನನ್ನ ಬದುಕು, ನನ್ನ ಪುಸ್ತಕ. ನಿಮ್ಮಪ್ಪನ ಮರ್ಯಾದೆ ಕಾಯೋಕೆ ಊರಿದೆ, ನನ್ನ ಮರ್ಯಾದೆ ಕಾಯೋಕೆ ನಾನೊಬ್ಬಳೇ ಇರೋದು.”

ಫೋನು ಕಟ್ಟಾಯಿತು. ಅವಳು ಇಟ್ಟಳೋ ನಾನೇ ಇಟ್ಟೆನೋ ನೆನಪಿಲ್ಲ.

ಫೆಬ್ರವರಿ 17, ಸೋಮವಾರ

ಫೋನಿಲ್ಲ. ನಾನಂತೂ ಮಾಡುವುದಿಲ್ಲ.

ಫೆಬ್ರವರಿ 23, ಭಾನುವಾರ

ಅಳಿಯ ಬಂದಿದ್ದರು. ಅವರು ಒಳ್ಳೆಯ ಮನುಷ್ಯ, ಚಪ್ಪಲಿ ಬಿಡುವಾಗಲೂ ಚಪ್ಪಲಿಗೆ ನೋವಾಗದ ಹಾಗೆ ಬಿಡುತ್ತಾರೆ. ಕುರ್ಚಿಯ ತುದಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡರು.

“ಅತ್ತೆ, ನಾನೇನೂ ಹೇಳ್ತಿಲ್ಲ. ಅವಳು ಹೇಳಿ ಕಳಿಸಿದ್ದು.”

“ಏನಂತೆ?”

“ಅಧ್ಯಾಯ ತೆಗೀಲೇಬೇಕಂತೆ. ಇಲ್ಲಾಂದ್ರೆ... ಅದೇ, ನಿಮಗೆ ಗೊತ್ತಲ್ಲ.”

“ನಿಮ್ಮ ಹೆಂಡತಿಗೆ ಹೇಳಿ, ನಾನು ಯಾರ ಅಪ್ಪಣೇನೂ ಕೇಳ್ತಾ ಇಲ್ಲ ಅಂತ.”

“ಹಾಗೇ ಹೇಳ್ಲಾ?” ಎಂದು ಕಣ್ಣು ಪಿಳಿಪಿಳಿ ಬಿಟ್ಟರು.

“ಹಾಗೇ ಹೇಳಿ. ಇನ್ನೂ ಒಂದು ಹೇಳಿ. ಡ್ರೈವಿಂಗ್ ಸ್ಕೂಲಿನವಳ ಮಗಳಾಗಿ ಬೇರೆ ಸ್ಕೂಲಿಗೆ ಹೋಗಿ ಕಾರು ಕಲಿತಳಲ್ಲ, ಆಗ ನಾನು ಅವಳನ್ನ ಏನಾದ್ರೂ ಕೇಳಿದ್ನಾ ಅಂತ ಹೇಳಿ.”

ಅದು ಹಳೆಯ ಗಾಯ. ಅವಳಿಗೆ ಮೂರು ದಿನ ನಾನೇ ಕಲಿಸಿದೆ. ನಾಲ್ಕನೆಯ ದಿನ ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ, “ಪ್ರತಿ ತಿರುವಿಗೂ ನೀನೇ ಬ್ರೇಕ್ ಒತ್ತಿದ್ರೆ ನಾನು ಯಾವಾಗ ಓಡಿಸೋದು?” ಎಂದು ಇಳಿದು ಹೋದಳು. ಆಮೇಲೆ ನಾನಿದ್ದಾಗ ಸ್ಟೇರಿಂಗು ಮುಟ್ಟಲಿಲ್ಲ. ಇರಲಿ.

ಅಳಿಯ ಕಾಫಿ ಕುಡಿದು ಎದ್ದರು. ಬಾಗಿಲವರೆಗೂ ತುಟಿ ಅಲ್ಲಾಡಿಸುತ್ತ ಹೋದರು, ಪಾಠ ಒಪ್ಪಿಸುವ ಮಕ್ಕಳ ಹಾಗೆ.

ಒಂದು ವಿಷಯ ಇಲ್ಲಿ ಬರೆದಿಡಬೇಕು. ಮಾತು ಬಿಡುವುದು ನನ್ನ ಜಾಯಮಾನವಲ್ಲ. ಅವಳು ಫೋನು ಮಾಡಲಿ, ಆಗ ಮಾತಾಡುತ್ತೇನೆ.

ಮಾರ್ಚ್ 5, ಬುಧವಾರ

ಪ್ರೂಫು ಬಂತು. ಎಂಟನೆಯ ಅಧ್ಯಾಯ ಮುಗಿದ ಮೇಲೆ ಹತ್ತನೆಯದು ಶುರುವಾಗಿತ್ತು. ಮೊದಲು ನನ್ನ ಕಣ್ಣೇ ಮೋಸ ಮಾಡುತ್ತಿದೆ ಎಂದುಕೊಂಡೆ. ಕನ್ನಡಕ ಒರೆಸಿ ನೋಡಿದೆ. ಒಂಬತ್ತು ಇಲ್ಲವೇ ಇಲ್ಲ. ಸೀದಾ ಪ್ರೆಸ್ಸಿಗೆ ಹೋದೆ. ಮಂಡಿ ನೋವು ಎಲ್ಲಿ ಹೋಗಿತ್ತೋ!

“ಯಾರು ಹೇಳಿದ್ದು ನಿನಗೆ ತೆಗಿ ಅಂತ? ನನ್ನ ಮಗಳು ಫೋನ್ ಮಾಡಿದ್ಳಾ?”

“ಯಾರೂ ಹೇಳಿಲ್ಲ ಮೇಡಂ. ಟೈಪ್ ಮಾಡೋಕೆ ನನಗೇ ಮನಸ್ಸು ಬರಲಿಲ್ಲ. ಮೇಷ್ಟ್ರ ಬಗ್ಗೆ ಹೀಗೆ... ನಿಮಗೆ ಒಳ್ಳೇದಾಗಲಿ ಅಂತಾನೇ ಬಿಟ್ಟೆ.”

ಒಳ್ಳೆಯದಾಗಲಿ ಅಂತೆ. ನನ್ನ ಒಳ್ಳೆಯದನ್ನು ಬಯಸುವವರು ಹೆಚ್ಚಾಗಿ ನನ್ನ ಬಾಯಿಯ ಮೇಲೇ ಕೈ ಇಡುತ್ತಾರೆ.

“ನೋಡು, ನಿನಗೆ ಕಲಿಸುವಾಗ ನಾನು ಬ್ರೇಕ್ ಒತ್ತಿದ್ದು ಯಾಕೆ? ನೀನು ಹೋಗಿ ಹಾಲಿನ ಅಂಗಡಿಗೆ ಗುದ್ದುತ್ತಿದ್ದೆ, ಅದಕ್ಕೆ. ನಾನು ಯಾರಿಗೂ ಗುದ್ದುತ್ತಿಲ್ಲ. ನನ್ನ ದಾರೀಲಿ ನಾನು ಹೋಗ್ತಿದ್ದೀನಿ. ಬ್ರೇಕಿನ ಮೇಲಿಂದ ಕಾಲು ತೆಗಿ.”

ತಲೆ ತಗ್ಗಿಸಿ ಕೂತಿದ್ದ. ಅಚ್ಚಿನ ಯಂತ್ರ ಪಕ್ಕದ ಕೋಣೆಯಲ್ಲಿ ಯಾರದೋ ಬಿಲ್ ಪುಸ್ತಕಗಳನ್ನು ಉಗುಳುತ್ತಿತ್ತು. ಕೊನೆಗೆ ಹಾಳೆಗಳನ್ನು ಎಳೆದುಕೊಂಡು ನನ್ನೆದುರೇ ಟೈಪು ಮಾಡಲು ಶುರುಮಾಡಿದ. ನಾನು ಅಲ್ಲೇ ಕುರ್ಚಿ ಹಾಕಿಕೊಂಡು ಕೂತೆ, ಅಭ್ಯಾಸದಂತೆ ಅವನ ಪಕ್ಕದಲ್ಲಿ. ಅಧ್ಯಾಯ ಮುಗಿದ ಮೇಲೆ ಒಂದೇ ಮಾತು ಹೇಳಿದ.

“ನಮಗೆಲ್ಲ ಎಷ್ಟೊಂದು ಮಾತಾಡ್ತಿದ್ರಲ್ಲ ಮೇಡಂ ಅವರು.”

ಪಾಪ, ಅವನ ಮುಖ ನೋಡಿ ಬೇಜಾರಾಯಿತು.

ಮಾರ್ಚ್ 9, ಭಾನುವಾರ

ಈವತ್ತು ಫೋನಿನ ಗಂಟೆ ಕೇಳಿ ಓಡಿಹೋದೆ. ಬ್ಯಾಂಕಿನವರು, ಸಾಲ ಬೇಕೇ ಅಂತ. ಚೆನ್ನಾಗಿ ಬೈದೆ.

ಮಾರ್ಚ್ 14, ಶುಕ್ರವಾರ

ಪ್ರೂಫು ತಿದ್ದುತ್ತಿದ್ದೇನೆ. ಈವತ್ತು ಒಂಬತ್ತನೆಯ ಅಧ್ಯಾಯ. ತೊಂಬತ್ತೊಂದನೆಯ ಪುಟಕ್ಕೆ ಬಂದಾಗ ಪೆನ್ನು ಕೆಳಗಿಟ್ಟು ಅದನ್ನು ನಾಲ್ಕು ಸಲ ಓದಿದೆ.

“ಅಂದು ಬೆಳಿಗ್ಗೆ ಗುಬ್ಬಿಯನ್ನು ಮೇಲೆ ಕಳಿಸಿದೆ. ಬಳೆ ಮಾರಿ ಹಳೆಯ ಕಾರು ಕೊಳ್ಳುತ್ತೇನೆ, ಡ್ರೈವಿಂಗ್ ಸ್ಕೂಲು ಶುರು ಮಾಡುತ್ತೇನೆ, ಏನನ್ನುತ್ತಾರೆ ಕೇಳಿಕೊಂಡು ಬಾ ಎಂದೆ. ಬೇಡ ಎಂದಿದ್ದರೆ ಬಿಟ್ಟುಬಿಡುತ್ತಿದ್ದೆ. ಅವಳು ತುಂಬ ಹೊತ್ತು ಇಳಿಯಲಿಲ್ಲ. ಆಮೇಲೆ ಬಂದು ಹೇಳಿದಳು: ‘ತಗೊಳ್ಳಲಿ ಅಂದ್ರು ಅಪ್ಪ. ನಿಮ್ಮಮ್ಮನ ಕೈಗೆ ಸ್ಟೇರಿಂಗು ಒಪ್ಪುತ್ತೆ ಅಂದ್ರು.’ ನಾನು ಗಾಡಿ ಓಡಿಸುವುದನ್ನು ಅವರು ಎಲ್ಲಿ ನೋಡಿದ್ದರೋ ಇಂದಿಗೂ ತಿಳಿಯದು.”

ನಿಜವಾಗಿಯೂ ತಿಳಿಯದು. ಮದುವೆಗೆ ಮುಂಚೆ ಅಣ್ಣನ ವ್ಯಾನಿನಲ್ಲಿ ಕಲಿತದ್ದು, ಆಮೇಲೆ ಕೈ ಬಿಟ್ಟುಹೋಗಿತ್ತು. ಆಗೆಲ್ಲ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಪಾತ್ರೆಯ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ಅಭ್ಯಾಸ ಮಾಡುತ್ತಿದ್ದೆ. ಬಾಯಲ್ಲಿ ಗೇರಿನ ಸದ್ದು ಬೇರೆ. ನಾಚಿಕೆಯಾಗಿ ಅದನ್ನು ಪುಸ್ತಕದಲ್ಲಿ ಬರೆದಿಲ್ಲ. ಯಾವಾಗಲೋ ಕೆಳಗಿಳಿದು ಬಂದು ಮೇಷ್ಟ್ರು ಅದನ್ನು ನೋಡಿರಬೇಕು ಎಂದೇ ನನ್ನ ನಂಬಿಕೆ. ನೋಡಿ, ನಗದೆ, ಏನೂ ಅನ್ನದೆ ಮತ್ತೆ ಮೇಲೆ ಹತ್ತಿರಬೇಕು.

ಅಷ್ಟು ವರ್ಷದಲ್ಲಿ ಅವರು ನನ್ನ ಬಗ್ಗೆ ಆಡಿದ ಒಳ್ಳೆಯ ಮಾತು ಅದೊಂದೇ. ಆ ಒಂದು ಮಾತನ್ನು ಪೆಟ್ರೋಲಿನ ಹಾಗೆ ಹಾಕಿಕೊಂಡು ಇಷ್ಟು ದೂರ ಬಂದಿದ್ದೇನೆ. ಹೊಸದಾಗಿ ಕಲಿಯಲು ಬಂದ ಹೆಂಗಸರು ಮನೆಯಲ್ಲಿ ಒಪ್ಪುವುದಿಲ್ಲ ಎಂದು ಅಳುವಾಗ ಅವರಿಗೆಲ್ಲ ಇದನ್ನೇ ಹೇಳುತ್ತಿದ್ದೆ. ಆ ಪುಟದಲ್ಲಿ ಒಂದು ಅಲ್ಪವಿರಾಮವನ್ನೂ ಬದಲಾಯಿಸಲಿಲ್ಲ.

ಮಾರ್ಚ್ 22, ಶನಿವಾರ

ಅಳಿಯ ಮತ್ತೆ ಬಂದರು. ಈ ಸಲ ರಾಜಿ ಮಾತು.

“ಅಧ್ಯಾಯ ಇರಲಂತೆ ಅತ್ತೆ. ಪೂರ್ತಿ ಇರಲಂತೆ. ಅದರಲ್ಲಿ ಒಂದು ಸಾಲಿದೆಯಲ್ಲ, ಸ್ಟೇರಿಂಗಿಂದು, ಅದೊಂದು ತೆಗೆದ್ರೆ ಸಾಕಂತೆ.”

ನಾನು ದಂಗಾದೆ. ಇಡೀ ಅಧ್ಯಾಯದಲ್ಲಿ ಅವಳಪ್ಪನ ಬಗ್ಗೆ ಇರುವ ಒಳ್ಳೆಯ ಮಾತು ಅದೊಂದು. ಅದನ್ನೇ ತೆಗೆಯಬೇಕಂತೆ! ಇವಳಿಗೆ ತಲೆ ನೆಟ್ಟಗಿದೆಯೇ?

“ನಿಮ್ಮ ಹೆಂಡತಿಗೆ ಹೇಳಿ, ಆ ಮನುಷ್ಯನಿಗೆ ನಾನು ಮಾಡಿರೋ ನ್ಯಾಯ ಅದೊಂದೇ, ಅದನ್ನ ಜಪ್ಪಯ್ಯ ಅಂದ್ರೂ ತೆಗೆಯಲ್ಲ ಅಂತ.”

“ಆಯ್ತು ಅತ್ತೆ.” ಎದ್ದವರು ನಿಂತರು. “ಹಾಂ, ಇನ್ನೊಂದು. ನೀವು ಹೊತ್ತುಹೊತ್ತಿಗೆ ಊಟ ಮಾಡ್ತಿದ್ದೀರಾ, ಮಂಡಿಗೆ ಬಿಸಿ ಶಾಖ ಕೊಡ್ತಿದ್ದೀರಾ ಅಂತ ಕೇಳ್ತಿದ್ಲು.”

“ಹಾಗೆ ಕೇಳಿದ್ಳಾ?”

“ಹೂಂ.”

“ಅಳಿಯಂದಿರೇ, ನನ್ನ ಮಗಳು ಹುಟ್ಟಿದಾಗಿನಿಂದ ‘ಬಿಸಿ ಶಾಖ’ ಅಂದವಳಲ್ಲ. ಅದು ನಿಮ್ಮ ಮಾತು.”

ಕಿವಿಯವರೆಗೂ ಕೆಂಪಾದರು. “ಅವಳು ಬಾಯಿಬಿಟ್ಟು ಕೇಳಲಿಲ್ಲ ಅತ್ತೆ. ಆದ್ರೆ ಕೇಳಬೇಕು ಅಂತಿರೋದು ಮುಖದಲ್ಲಿ ಕಾಣ್ತಿತ್ತು. ಅದಕ್ಕೆ ಸೇರಿಸ್ದೆ.”

“ಮತ್ತೆ ನಾನು ಹೇಳಿದ್ದು? ಯಾರ ಅಪ್ಪಣೇನೂ ಬೇಡ ಅಂತ?”

“ಅದನ್ನ... ‘ಅಮ್ಮ ಇನ್ನೂ ಯೋಚನೆ ಮಾಡ್ತಿದ್ದಾರೆ’ ಅಂದೆ.”

ಎಂಥ ಪೆದ್ದು ಮನುಷ್ಯ! ಬೈದು ಕಳಿಸಿದೆ. ಹೋದ ಮೇಲೆ ನೀರು ಕಾಯಿಸಿ ಮಂಡಿಗೆ ಶಾಖ ಕೊಟ್ಟುಕೊಂಡೆ. ಅದು ಅವರು ಹೇಳಿದರು ಅಂತಲ್ಲ, ನೋವಿತ್ತು.

ಏಪ್ರಿಲ್ 3, ಗುರುವಾರ

ಬಂತು! ಮುನ್ನೂರು ಪ್ರತಿ, ಕಟ್ಟುಕಟ್ಟಾಗಿ. ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಒಂದು ಕಟ್ಟು ಬಿಚ್ಚಿ ಮೇಲಿನದನ್ನು ತೆಗೆದು ಮೂಸಿ ನೋಡಿದೆ. ಅಂಟಿನ ವಾಸನೆ. ಮುಖಪುಟದ ಮೇಲೆ ನನ್ನ ಕಾರಿನ ಚಿತ್ರ, ಚಾಲಕರ ಸೀಟು ಖಾಲಿ, ಪಕ್ಕದ್ದರಲ್ಲಿ ನಾನು. ಹಿಂಬದಿಯಲ್ಲಿ ‘ಡಬಲ್ ಬ್ರೇಕ್ ಪ್ರಕಾಶನ’ ಎಂದು ಸಣ್ಣಕ್ಷರದಲ್ಲಿ. ಪ್ರೆಸ್ಸಿನವನು ನನ್ನ ಮಾತು ಹಿಡಿದು ದಪ್ಪ ಕಾಗದವನ್ನೇ ಹಾಕಿದ್ದಾನೆ.

ನಾನು ಯಾರು ಎಂದು ಕೇಳಿದವರು ಈಗ ಬಂದು ತೂಗಿ ನೋಡಲಿ.

ಮೊದಲ ಪ್ರತಿ ಯಾರಿಗೆ ತೋರಿಸುವುದೆಂದು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದೆ. ಆಮೇಲೆ ಕಾರಿನ ಬಾನೆಟ್ಟಿನ ಮೇಲಿಟ್ಟು ನೋಡಿದೆ. ಅದಕ್ಕಾದರೂ ತೋರಿಸಬೇಕಲ್ಲ.

ಏಪ್ರಿಲ್ 4, ಶುಕ್ರವಾರ

ಅಳಿಯನನ್ನು ಕರೆಸಿ ಒಂದು ಪ್ರತಿ ಕೊಟ್ಟೆ. “ನಿಮ್ಮ ಹೆಂಡತಿಗೆ ಹೇಳಿ, ಅಚ್ಚಾಗಿದೆ, ಓದೋದೂ ಬಿಡೋದೂ ಅವಳಿಷ್ಟ ಅಂತ.”

ಅವರು ಪುಸ್ತಕ ತೆಗೆದುಕೊಂಡರು. ಆದರೆ ಹೊರಡಲಿಲ್ಲ.

“ಅತ್ತೆ, ಇನ್ನು ನನ್ನ ಕೈಲಾಗಲ್ಲ. ಇದನ್ನ ಕೊಡ್ತೀನಿ, ಮಾತು ಮಾತ್ರ ತಗೊಂಡು ಹೋಗಲ್ಲ. ಇಷ್ಟು ದಿನ ನಿಮ್ಮಿಬ್ಬರಿಗೂ ನಾನು ಹೇಳಿದ್ದರಲ್ಲಿ ಅರ್ಧ ನನ್ನದೇ. ಯಾವುದು ಯಾರದು ಅಂತ ನನಗೇ ಮರೆತುಹೋಗಿದೆ. ಈವತ್ತು ಅವಳಿಗೂ ಇದನ್ನೇ ಹೇಳಿಬಿಡ್ತೀನಿ.”

ಅಳಿಯ ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವರು ಹೋದ ಮೇಲೆ ಯಾಕೋ ಮೆಟ್ಟಿಲ ಹತ್ತಿರ ಹೋಗಿ ಮೇಲೆ ನೋಡಿದೆ. ಧೂಳು ಹಿಡಿದಿದೆ, ಗುಡಿಸಬೇಕು.

ಏಪ್ರಿಲ್ 6, ಭಾನುವಾರ

ಮಗಳು ಬಂದಳು. ಕಾಲಿಡುವುದಿಲ್ಲ ಎಂದವಳು ಚಪ್ಪಲಿ ಹಾಕಿಕೊಂಡೇ ಒಳಗೆ ಬಂದು, ಪುಸ್ತಕದ ಕಟ್ಟೊಂದರ ಮೇಲೆ ಕೂತಳು. ಕೈಯಲ್ಲಿ ನಾನು ಕಳಿಸಿದ ಪ್ರತಿ, ಒಳಗೆ ಬೆರಳು ಸಿಕ್ಕಿಸಿಕೊಂಡಿದ್ದಳು. ಜಗಳಕ್ಕೆ ಸಿದ್ಧಳಾಗಿ ಸೊಂಟಕ್ಕೆ ಸೆರಗು ಸಿಕ್ಕಿಸಿದೆ.

“ಅಪ್ಪ ಇದನ್ನ ಹೇಳಲಿಲ್ಲ ಅಮ್ಮ.”

“ಯಾವುದನ್ನ?”

“ನಿನ್ನ ಕೈಗೆ ಸ್ಟೇರಿಂಗು ಒಪ್ಪುತ್ತೆ ಅಂತ. ಅದು ನಾನು ಹೇಳಿದ್ದು.”

ನನಗೆ ಅರ್ಥವಾಗಲಿಲ್ಲ. “ನೀನೇ ಬಂದು ಹೇಳಿದೆ, ಹೌದು. ಅವರು ಹೇಳಿ ಕಳಿಸಿದ್ದು...”

“ಅವರು ಏನೂ ಹೇಳಿ ಕಳಿಸಲಿಲ್ಲ. ಎರಡು ಸಲ ಕೇಳ್ದೆ. ಪೇಪರ್ ಓದ್ತಿದ್ರು. ಪುಟ ತಿರುಗಿಸಿದ್ರು, ಅಷ್ಟೇ. ನೀನು ಕೆಳಗೆ ಕಾಯ್ತಾ ಇದ್ದೆ. ಬರಿಗೈಲಿ ಇಳಿಯೋಕೆ ಹೆದರಿಕೆ ಆಯ್ತು. ನಡುವಿನ ಮೆಟ್ಟಿಲ ಮೇಲೆ ಕೂತ್ಕೊಂಡು, ಏನು ಹೇಳಿದ್ರೆ ನೀನು ನಗ್ತೀಯ ಅಂತ ಯೋಚನೆ ಮಾಡ್ದೆ.”

“ಏಳು ವರ್ಷದ ಮಗುವಿಗೆ ಅಂಥ ಮಾತು ಎಲ್ಲಿಂದ ಬರುತ್ತೆ? ಸುಮ್ಮನೆ ಏನೇನೋ ಹೇಳಬೇಡ.”

“ನೀನು ಪಾತ್ರೆ ಮುಚ್ಚಳ ತಿರುಗಿಸ್ತಿದ್ದೆಯಲ್ಲ. ಬಾಗಿಲ ಸಂದಿಯಿಂದ ದಿನಾ ನೋಡ್ತಿದ್ದೆ. ಬಾಯಲ್ಲಿ ಗೇರ್ ಹಾಕ್ತಿದ್ದೆ. ನನಗೆ ಒಪ್ಪುತ್ತೆ ಅನ್ನಿಸ್ತು.”

ಮುಚ್ಚಳದ ವಿಷಯ ನಾನು ಯಾರಿಗೂ ಹೇಳಿದ್ದಲ್ಲ, ಎಲ್ಲೂ ಬರೆದದ್ದಲ್ಲ. ಎದುರಿನ ಕಟ್ಟಿನ ಮೇಲೆ ಕೂತೆ. ಅವಳು ಒಂದೇ ಉಸಿರಿಗೆ ಹೇಳುತ್ತ ಹೋದಳು. ಕಾರು ಬಂದ ದಿನ ಅಪ್ಪ ಏನನ್ನುತ್ತಾರೋ ಎಂದು ಇವಳಿಗೆ ಜ್ವರ ಬಂದಿತ್ತಂತೆ. ಅವರು ಕಿಟಕಿಯಿಂದ ಒಂದು ಸಲ ನೋಡಿ ಮತ್ತೆ ಪೇಪರು ತೆಗೆದುಕೊಂಡರಂತೆ. ಆಮೇಲೆ ನಾನು ಆ ಮಾತನ್ನು ಕಂಡಕಂಡವರಿಗೆಲ್ಲ ಹೇಳಲು ಶುರುಮಾಡಿದ ಮೇಲೆ ಇವಳಿಗೆ ಬಾಯಿಯೇ ಕಟ್ಟಿಹೋಯಿತಂತೆ.

“ನೀನು ಬಾಯಲ್ಲಿ ಹೇಳ್ಕೊಂಡು ಓಡಾಡ್ತಿದ್ದಾಗ ಹೇಗೋ ತಡ್ಕೊಂಡಿದ್ದೆ. ಅಚ್ಚಾದ್ರೆ ನಿಜ ಆಗಿಬಿಡುತ್ತಲ್ಲ ಅಮ್ಮ. ಅವರು ಹೇಳದೇ ಇರೋ ಮಾತಿಗೆ ಊರೆಲ್ಲ ಅವರನ್ನ ಮೆಚ್ಚುತ್ತೆ. ಅದಕ್ಕೇ ತೆಗಿ ಅಂದಿದ್ದು. ಇವರು ಮೊನ್ನೆ ಬಂದು, ‘ಅರ್ಧ ನಾನೇ ಸೇರಿಸಿದ್ದು’ ಅಂದಾಗ ನನಗೆ ನಗೂನೂ ಬಂತು, ಅಳೂನೂ ಬಂತು.”

“ಬೇರೆ ಮಾತುಗಳು?”

“ಕೆಲಸದ ಮಾತು ಸರಿಯಾಗಿ ಹೇಳ್ತಿದ್ದೆ. ಚುಚ್ಚುಮಾತು ಮೆಟ್ಟಿಲಲ್ಲೇ ಬಿಡ್ತಿದ್ದೆ.”

“ನಾನು ಹೇಳಿ ಕಳಿಸ್ತಿದ್ದದ್ದು?”

ಅವಳು ಮೊದಲ ಸಲ ತಲೆ ಎತ್ತಿದಳು. “ಅದೂ ಅಷ್ಟೇ. ‘ಎಲ್ಲಾದ್ರೂ ಹಾಳಾಗಿ ಹೋಗಲಿ’ ಅಂತ ನೀನಂದ್ರೆ, ‘ಹುಷಾರಾಗಿ ಹೋಗಿಬರಬೇಕಂತೆ’ ಅಂತಿದ್ದೆ.”

ನನ್ನ ಬೈಗುಳ ಒಂದೂ ಅವರಿಗೆ ತಲುಪಿಲ್ಲ! ಅಷ್ಟು ವರ್ಷ ಹಲ್ಲು ಕಚ್ಚಿ ಆರಿಸಿ ಆರಿಸಿ ಕಳಿಸಿದ ಮಾತುಗಳು. ಆ ಮನುಷ್ಯ ಹೆಂಡತಿಯ ಅಕ್ಕರೆಯ ಮಾತು ಕೇಳಿಕೊಂಡು ಮೇಲೆ ಆರಾಮಾಗಿ ಪೇಪರು ಓದುತ್ತಿದ್ದರು!

“ಸ್ವಲ್ಪ ಹೊತ್ತು ನಾನೊಬ್ಬಳೇ ಇರ್ತೀನಿ” ಎಂದೆ. ಅವಳು ಎದ್ದು ಹೋದಳು. ಬೆರಳು ಸಿಕ್ಕಿಸಿದ್ದ ಪುಸ್ತಕವನ್ನು ಜೊತೆಯಲ್ಲೇ ತೆಗೆದುಕೊಂಡು ಹೋದಳು.

ಏಪ್ರಿಲ್ 7, ಸೋಮವಾರ

ಒಂದೇ ಒಂದು ಒಳ್ಳೆಯ ಮಾತು ಆಡಿದ್ದರು ಎಂದುಕೊಂಡಿದ್ದೆ. ಅದೂ ಇಲ್ಲ. ಬೆಳಗಿನಿಂದ ಅಳು ನಿಂತಿಲ್ಲ. ಸತ್ತಾಗಲೂ ಇಷ್ಟು ಅತ್ತಿರಲಿಲ್ಲ.

ಏಪ್ರಿಲ್ 9, ಬುಧವಾರ

ಅತ್ತದ್ದು ಸಾಕು.

ಬೆಳಿಗ್ಗೆ ಕಾರಿನಲ್ಲಿ ಕೂತು ಯೋಚಿಸಿದೆ. ಅವರು ಹೂಂ ಅನ್ನಲಿಲ್ಲ ಎಂದಮೇಲೆ ಈ ಕಾರನ್ನು ನಾನು ಯಾರ ಅಪ್ಪಣೆಯೂ ಇಲ್ಲದೆಯೇ ತಂದಿದ್ದೇನೆ. ಈ ಸ್ಕೂಲು, ಈ ಹೆಸರು, ಈ ಪುಸ್ತಕ, ಯಾವುದಕ್ಕೂ ಆ ಮನುಷ್ಯನ ಒಂದು ತೊಟ್ಟು ಪೆಟ್ರೋಲು ಬಿದ್ದಿಲ್ಲ. ಹಾಗಿದ್ದ ಮೇಲೆ ನಾನೇಕೆ ಸಣ್ಣವಳಾಗಬೇಕು? ನನ್ನ ಬೈಗುಳ ತಲುಪಿಲ್ಲವೆಂದರೆ ಈ ಪುಸ್ತಕವೇ ನಾನು ಅವರಿಗೆ ನೇರವಾಗಿ ಆಡಿದ ಮೊದಲ ಮಾತಾಯಿತು. ಇದನ್ನು ಯಾವ ಮೆಟ್ಟಿಲಲ್ಲೂ ಯಾರೂ ಬಿಡುವ ಹಾಗಿಲ್ಲ.

ಪ್ರೆಸ್ಸಿನವನು ವಿಷಯ ಕೇಳಿ ಗಾಬರಿಯಾದ. “ತಿದ್ದುಪಡಿ ಅಂತ ಒಂದು ಚೀಟಿ ಅಚ್ಚು ಹಾಕಿ ಒಳಗಿಟ್ಟುಬಿಡೋಣ ಮೇಡಂ.”

“ಚೀಟಿ ಬಿದ್ದುಹೋಗುತ್ತೆ. ಪೆನ್ನಲ್ಲಿ ತಿದ್ದುತ್ತೀನಿ.”

“ಮುನ್ನೂರು ಪ್ರತೀನೂ? ಹೊಸ ಪುಸ್ತಕ ಅಂದಗೆಡುತ್ತೆ ಮೇಡಂ.”

“ಕೆಡಲಿ. ಮುಚ್ಚಿಟ್ಟು ಅಂದವಾಗಿರೋದಕ್ಕಿಂತ ಇದೇ ವಾಸಿ.”

ಸಾಲನ್ನು ಹೊಡೆದು ಹಾಕುವುದಿಲ್ಲ. ಅದರ ಮೇಲೇ ನನ್ನ ಗಾಡಿ ಓಡಿದ್ದು, ಅದು ಅಲ್ಲೇ ಇರಲಿ. ಕೆಳಗಿನ ಅಂಚಿನಲ್ಲಿ ಬರೆಯುತ್ತಿದ್ದೇನೆ: “ಇದನ್ನು ಅವರು ಹೇಳಲಿಲ್ಲ. ಮೆಟ್ಟಿಲ ಮೇಲೆ ಕೂತು ನನ್ನ ಮಗಳು ಹೇಳಿದಳು.” ಒಂದು ಕಟ್ಟು ಮುಗಿಯುವಷ್ಟರಲ್ಲಿ ಹೆಬ್ಬೆರಳು ಮರಗಟ್ಟಿತು. ಸಂಜೆ ಫೋನು ಮಾಡಿ, “ಗುಬ್ಬಿ, ಭಾನುವಾರ ಪೆನ್ನು ತಗೊಂಡು ಬಾ, ಕೈನೋವು” ಎಂದೆ.

ಕೈನೋವು ನಿಜವಾಗಿಯೂ ಇದೆ.

ಏಪ್ರಿಲ್ 13, ಭಾನುವಾರ

ಗುಬ್ಬಿ ಬೆಳಿಗ್ಗೆಯೇ ಬಂದಳು. ಅಳಿಯನೂ ಬಂದರು. ಅವರು ಕಟ್ಟು ಬಿಚ್ಚಿ ತೊಂಬತ್ತೊಂದನೆಯ ಪುಟ ತೆರೆದು ಕೊಡುವುದು, ನಾವಿಬ್ಬರು ಬರೆಯುವುದು, ಅವರು ಶಾಯಿ ಆರಿಸಿ ಮತ್ತೆ ಕಟ್ಟುವುದು. ಸ್ವಲ್ಪ ಹೊತ್ತಿನ ಮೇಲೆ ಅವಳ ಕಡೆ ಬಗ್ಗಿ ನೋಡಿದರೆ, ನಾನು ಹೇಳಿಕೊಟ್ಟದ್ದನ್ನು ಬಿಟ್ಟು ಬೇರೆಯೇ ಬರೆಯುತ್ತಿದ್ದಳು: “ಇದನ್ನು ಅಪ್ಪ ಹೇಳಲಿಲ್ಲ. ನಾನು ಹೇಳಿದೆ.”

“ಇದೇನೇ ಇದು? ಪುಸ್ತಕ ನನ್ನದು.”

“ಮಾತು ನಂದು” ಎಂದಳು, ತಲೆಯೆತ್ತದೆ.

ಬಿಟ್ಟೆ. ಕೊಂಡವರಲ್ಲಿ ಅರ್ಧ ಜನಕ್ಕೆ ನನ್ನ ಅಕ್ಷರ, ಅರ್ಧ ಜನಕ್ಕೆ ಅವಳ ಅಕ್ಷರ ಸಿಗುತ್ತದೆ. ಡಬಲ್ ಬ್ರೇಕ್ ಪ್ರಕಾಶನದಲ್ಲಿ ಇಂಥದ್ದೆಲ್ಲ ನಡೆಯುತ್ತದೆ. ನಡುವೆ ಒಂದು ಸಲ, “ರೀ, ಕಾಫಿ ಮಾಡ್ತೀಯಾ ಅಂತ ಅಮ್ಮನ್ನ ಕೇಳಿ” ಎಂದು ಗಂಡನಿಗೆ ಹೇಳಿ ನಾಲಿಗೆ ಕಚ್ಚಿಕೊಂಡಳು. ಅಳಿಯ ಕೈ ಮುಗಿದುಬಿಟ್ಟರು. ಮೂವರೂ ನಕ್ಕೆವು. ಗೋಡೆ ಕಾಫಿ ಮಾಡಲಿಲ್ಲ, ಅಳಿಯ ಮಾಡಿದರು.

ಸಂಜೆ ಪುಸ್ತಕದಂಗಡಿಗೆ ಪ್ರತಿಗಳನ್ನು ಹಾಕಬೇಕಿತ್ತು. ಹೆಬ್ಬೆರಳು ಮಡಿಚಲು ಬರುತ್ತಿರಲಿಲ್ಲ. ಗುಬ್ಬಿ ನನ್ನ ಕೈಯಿಂದ ಕೀಲಿ ತೆಗೆದುಕೊಂಡು ಚಾಲಕರ ಸೀಟಿನಲ್ಲಿ ಕೂತಳು. ಹಿಂದಿನ ಸೀಟು ತುಂಬಿ ಉಳಿದ ಒಂದು ಕಟ್ಟನ್ನು ಅಳಿಯ ನನ್ನ ಕಾಲ ಹತ್ತಿರ ಇಟ್ಟರು, ಸರಿಯಾಗಿ ನನ್ನ ಬ್ರೇಕಿಗೆ ಅಡ್ಡವಾಗಿ. ತೆಗೆಯಿರಿ ಎನ್ನಬೇಕೆಂದುಕೊಂಡೆ, ಅಷ್ಟರಲ್ಲಿ ಗಾಡಿ ಹೊರಟಿತ್ತು. ಕಟ್ಟಿನ ಮೇಲೆ ಕಾಲಿಟ್ಟುಕೊಂಡು ಕೂತೆ.

ಹಾಲಿನ ಅಂಗಡಿಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಅವಳು ಗಾಬರಿಯಾಗಲಿಲ್ಲ. ವೇಗ ತಗ್ಗಿಸಿ, ಎರಡೂ ಕೈಯಲ್ಲಿ ಮೆತ್ತಗೆ ತಿರುಗಿಸಿ, ಬಸ್ಸಿಗೆ ದಾರಿ ಬಿಟ್ಟು ಮುಂದೆ ಬಂದಳು. ನನ್ನ ಕಣ್ಣು ರಸ್ತೆಯ ಮೇಲಿರಲಿಲ್ಲ, ಅವಳ ಕೈ ಮೇಲಿತ್ತು.

“ನಿನ್ನ ಕೈಗೆ ಸ್ಟೇರಿಂಗು ಒಪ್ಪುತ್ತೆ” ಎಂದೆ.

ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು. “ಯಾರು ಹೇಳಿ ಕಳಿಸಿದ್ದು?”

“ಯಾರೂ ಇಲ್ಲ. ನಾನೇ ಹೇಳ್ತಿರೋದು.”

ದೀಪ ಹಸಿರಾಯಿತು. ಕ್ಲಚ್ಚು ಬೇಗ ಬಿಟ್ಟುಬಿಟ್ಟಳು, ಗಾಡಿ ಎಗರಿ ನಿಂತಿತು. ಅದನ್ನೂ ನಾನೇ ಹೇಳಿದೆ.